ಯಜಮಾನನನ್ನು ಆರಿಸಲು ಎಷ್ಟು ನೆನಪು ಬೇಕು?

ಮದುವೆಮನೆಯಲ್ಲಿ ಇಬ್ಬರು ಯಜಮಾನರಿದ್ದರೆ ಏನಾಗುತ್ತದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು ಎಲೆ ಹಾಕಿ ಎನ್ನುತ್ತಾರೆ. ಇನ್ನೊಬ್ಬರು ಗಂಡಿನ ಕಡೆಯವರು ಇನ್ನೂ ಬಂದಿಲ್ಲ, ಸ್ವಲ್ಪ ತಡೆಯಿರಿ ಎನ್ನುತ್ತಾರೆ. ಅಡುಗೆ ಭಟ್ಟರು ಸೌಟು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡುತ್ತಾರೆ. ಯಜಮಾನರೇ ಇಲ್ಲದಿದ್ದರೆ ಇನ್ನೂ ಫಜೀತಿ. ಹಾಲಿಗೆ ಅವರು ಹೇಳಿರುತ್ತಾರೆಂದು ಇವರು, ಇವರು ಹೇಳಿರುತ್ತಾರೆಂದು ಅವರು ಸುಮ್ಮನಿದ್ದು, ಬೆಳಗಿನ ಕಾಫಿಯ ಹೊತ್ತಿಗೆ ಮನೆಯಲ್ಲಿ ಹಾಲೇ ಇರುವುದಿಲ್ಲ. ಬೇಕಾದದ್ದು ಒಬ್ಬ ಯಜಮಾನ, ಮತ್ತು ಒಬ್ಬನೇ ಯಜಮಾನ.

ಕಂಪ್ಯೂಟರುಗಳ ಸಂಸಾರದಲ್ಲೂ ಇದೇ ಕಥೆ. ಕಂಪ್ಯೂಟರ್ ಎಂದರೆ ಮೇಜಿನ ಮೇಲಿನ ಒಂದು ಪೆಟ್ಟಿಗೆ ಎಂಬ ಕಾಲ ಹೋಗಿ ಬಹಳ ದಿನವಾಯಿತು. ಬ್ಯಾಂಕಿನ ಲೆಕ್ಕವಿರಲಿ, ರೈಲಿನ ಮುಂಗಡ ಟಿಕೆಟ್ಟಿರಲಿ, ಅದರ ಹಿಂದೆ ಒಂದಕ್ಕಿಂತ ಹೆಚ್ಚು ಕಂಪ್ಯೂಟರುಗಳು ಒಂದಕ್ಕೊಂದು ಸಂದೇಶ ಕಳುಹಿಸುತ್ತ ಕೆಲಸ ಮಾಡುತ್ತಿರುತ್ತವೆ. ಇಂಥ ಏರ್ಪಾಡಿಗೆ ವಿತರಿತ ವ್ಯವಸ್ಥೆ ಎಂದು ಹೆಸರು. ಇವುಗಳಲ್ಲಿ ಸಾಮಾನ್ಯವಾಗಿ ಒಂದು ಮುಂದಾಳು. ಲೆಕ್ಕದ ಪುಸ್ತಕದಲ್ಲಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಬರೆಯಬೇಕೆಂದು ಅದು ಹೇಳುತ್ತದೆ, ಉಳಿದವು ಕೇಳುತ್ತವೆ. ಆ ಮುಂದಾಳು ಕೆಟ್ಟು ನಿಂತರೆ? ಹೊರಗಿನಿಂದ ಹೆಡ್‌ಮಾಸ್ಟರು ಬಂದು ಹೊಸ ಮಾನಿಟರನ್ನು ನೇಮಿಸಿ ಹೋಗುವ ಸೌಕರ್ಯ ಅಲ್ಲಿಲ್ಲ. ಉಳಿದವು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದನ್ನು ಆರಿಸಿಕೊಳ್ಳಬೇಕು.

ಮುಂದಾಳು ಬದಲಾಗುವ ಗಳಿಗೆ ಎಂಥ ಸೂಕ್ಷ್ಮವಾದದ್ದು ಎಂಬುದಕ್ಕೆ 2018ರ ಒಂದು ಘಟನೆ ಸಾಕು. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಕೆಲಸವನ್ನು ಇಟ್ಟುಕೊಳ್ಳುವ ಗಿಟ್‌ಹಬ್ ಎಂಬ ತಾಣವಿದೆ. ಆ ವರ್ಷ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಅದರ ಜಾಲದ ಒಂದು ಉಪಕರಣವನ್ನು ಬದಲಾಯಿಸುವಾಗ ಸಂಪರ್ಕ ತಪ್ಪಿತು. ತಪ್ಪಿದ್ದು ಕೇವಲ 43 ಸೆಕೆಂಡು. ಅಷ್ಟರಲ್ಲಿ ಉಳಿದ ಕಂಪ್ಯೂಟರುಗಳು ಬಹುಮತ ಕೂಡಿಸಿ, ಪೂರ್ವದ ಮುಂದಾಳು ಹೋದನೆಂದು ತೀರ್ಮಾನಿಸಿ, ಪಟ್ಟವನ್ನು ಪಶ್ಚಿಮ ಕರಾವಳಿಗೆ ಕೊಟ್ಟವು. ಸಂಪರ್ಕ ಮರಳಿದಾಗ ನೋಡಿದರೆ ಎರಡೂ ಕಡೆಯ ಪುಸ್ತಕಗಳಲ್ಲಿ ಇನ್ನೊಂದು ಕಡೆ ಇಲ್ಲದ ನಮೂದುಗಳಿದ್ದವು! ಅದನ್ನೆಲ್ಲ ತಾಳೆ ಹಾಕಿ ಸರಿಪಡಿಸುವವರೆಗೆ ಸೇವೆ ಕುಂಟುತ್ತ ನಡೆದದ್ದು 24 ಗಂಟೆ 11 ನಿಮಿಷ.

ಈ ಮುಂದಾಳಿನ ಆಯ್ಕೆಯ ಬಗ್ಗೆ ಸುಮಾರು ಐವತ್ತು ವರ್ಷಗಳಿಂದ ಒಂದು ವಿಚಿತ್ರ ಪ್ರಶ್ನೆ ಕೇಳಲಾಗುತ್ತಿದೆ. ಗುಂಪು ತನ್ನಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕಾದರೆ ಪ್ರತಿಯೊಬ್ಬ ಸದಸ್ಯನಿಗೂ ಕನಿಷ್ಠ ಎಷ್ಟು ನೆನಪು ಬೇಕು? ಪರೀಕ್ಷೆಯ ತಿಂಗಳು ಬಂತೆಂದರೆ ಜ್ಞಾಪಕಶಕ್ತಿಯ ಟಾನಿಕ್ಕಿಗಾಗಿ ಅಂಗಡಿಗೆ ಹೋಗುವ ತಂದೆತಾಯಿಗಳಿಗೆ ‘ಎಷ್ಟು ಹೆಚ್ಚು’ ಎಂಬ ಪ್ರಶ್ನೆ ಗೊತ್ತು, ‘ಎಷ್ಟು ಕಡಿಮೆ’ ಎಂಬುದು ಹೊಸದೆನಿಸಬಹುದು. ಕೈಯಲ್ಲಿನ ಫೋನಿನಲ್ಲೇ ಕೋಟಿಕೋಟಿ ಅಕ್ಷರಗಳಿಗೆ ಜಾಗವಿರುವಾಗ ಈ ಜಿಪುಣತನವೇಕೆ ಎಂದೂ ಕೇಳಬಹುದು. ಕನಿಷ್ಠವನ್ನು ಹುಡುಕಲು ಹೊರಟಾಗಲೇ ಯಾವುದು ಇಲ್ಲದೆ ನಡೆಯುತ್ತದೆ, ಯಾವುದು ಇಲ್ಲದೆ ನಡೆಯುವುದೇ ಇಲ್ಲ ಎಂಬುದು ಕಾಣುತ್ತದೆ. ರೇಖಾಗಣಿತದಲ್ಲಿ ಬರಿಯ ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದ ಏನೇನು ರಚಿಸಬಹುದೆಂದು ನೋಡುವುದಿಲ್ಲವೆ, ಹಾಗೆ.

ಲೆಕ್ಕಕ್ಕೆ ಒಂದು ಅಳತೆ ಬೇಕು. ನೆನಪಿನ ಅತಿ ಚಿಕ್ಕ ತುಣುಕು ಬಿಟ್. ಹೌದು ಅಥವಾ ಅಲ್ಲ, ಇಷ್ಟೇ ಅದರ ಸಾಮರ್ಥ್ಯ. 2 ಬಿಟ್ ಇದ್ದರೆ 4 ಬೇರೆಬೇರೆ ಸ್ಥಿತಿಗಳು, 3 ಇದ್ದರೆ 8, 10 ಇದ್ದರೆ 1024.

ಕಥೆ ಶುರುವಾಗುವುದು ಒಂದು ಉಂಗುರದಿಂದ. ಕಂಪ್ಯೂಟರುಗಳನ್ನು ವರ್ತುಲಾಕಾರದಲ್ಲಿ ಜೋಡಿಸಿ, ಅವುಗಳ ನಡುವೆ ಒಂದು ಟೋಕನ್ ಸುತ್ತಲು ಬಿಡುವುದು ಒಂದು ಹಳೆಯ ಉಪಾಯ. ಟೋಕನ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಮಾತಾಡುವ ಹಕ್ಕು. ಐ.ಬಿ.ಎಂ. ಕಂಪನಿ 1985ರಲ್ಲಿ ಮಾರುಕಟ್ಟೆಗೆ ತಂದ ಟೋಕನ್ ರಿಂಗ್ ಜಾಲ ಇದೇ ತತ್ತ್ವದ್ದು. ಇಂದು ಅದು ಬಳಕೆಯಿಂದ ಹೋಗಿದೆ. ಟೋಕನ್ ಹಿಡಿದವನೇ ಕೆಟ್ಟುಹೋದರೆ ಟೋಕನ್ನೂ ಅವನ ಜೊತೆಗೇ ಹೋಗುತ್ತದೆ, ಉಂಗುರವೆಲ್ಲ ಮೂಕವಾಗುತ್ತದೆ. ಹೊಸ ಟೋಕನ್ ಯಾರು ಹೊರಡಿಸಬೇಕು? ಎಲ್ಲರೂ ಹೊರಡಿಸಿದರೆ ಗದ್ದಲ. 1977ರಲ್ಲಿ ಫ್ರಾನ್ಸಿನ ಜೆರಾರ್ ಲ ಲಾನ್ ಈ ತೊಡಕನ್ನು ಚುನಾವಣೆಯ ಪ್ರಶ್ನೆಯಾಗಿ ಮುಂದಿಟ್ಟರು. ಪ್ರತಿ ಕಂಪ್ಯೂಟರಿಗೂ ಒಂದೊಂದು ಬೇರೆ ಸಂಖ್ಯೆ ಇದೆಯೆನ್ನಿ. ಎಲ್ಲವೂ ತಮ್ಮ ಸಂಖ್ಯೆಯನ್ನು ಉಂಗುರದ ಸುತ್ತ ಕಳುಹಿಸುತ್ತವೆ. ಪ್ರತಿಯೊಂದೂ ಬಂದ ಸಂಖ್ಯೆಗಳ ಪಟ್ಟಿ ಮಾಡಿಕೊಳ್ಳುತ್ತದೆ. ತನ್ನ ಸಂಖ್ಯೆ ಸುತ್ತಿ ಮರಳಿ ಬಂದಾಗ ಪಟ್ಟಿ ಪೂರ್ತಿಯಾಯಿತು, ಅದರಲ್ಲಿ ತನ್ನದೇ ಎಲ್ಲಕ್ಕಿಂತ ಚಿಕ್ಕದಿದ್ದರೆ ತಾನೇ ಮುಂದಾಳು.

ಸಾವಿರ ಜನರ ಹಾಜರಿ ಪುಸ್ತಕವನ್ನು ಸಾವಿರ ಜನರೂ ಬರೆದಿಟ್ಟುಕೊಂಡಂತಾಯಿತು. ಇದು ದುಂದು ಎಂಬುದು ಎರಡೇ ವರ್ಷದಲ್ಲಿ ಗೊತ್ತಾಯಿತು. 1979ರಲ್ಲಿ ಅರ್ನೆಸ್ಟ್ ಚಾಂಗ್ ಮತ್ತು ರೋಸ್‌ಮೇರಿ ರಾಬರ್ಟ್ಸ್ ತೋರಿಸಿದ ದಾರಿ ಹೀಗಿದೆ. ಬಂದ ಸಂಖ್ಯೆ ನಿನ್ನದಕ್ಕಿಂತ ದೊಡ್ಡದೋ, ಮುಂದಕ್ಕೆ ಕಳುಹಿಸು. ಚಿಕ್ಕದೋ, ಅಲ್ಲಿಯೇ ಬಿಟ್ಟುಬಿಡು. ನಿನ್ನದೇ ಸಂಖ್ಯೆ ಸುತ್ತಿ ಬಂದರೆ ನೀನೇ ಮುಂದಾಳು. ಪಟ್ಟಿ ಬೇಡ, ಬಂದುಹೋದವರ ನೆನಪೂ ಬೇಡ. ತನ್ನ ಹೆಸರೊಂದು ಗೊತ್ತಿದ್ದರೆ ಸಾಕು. ಆದರೆ ಆ ಹೆಸರಿಗೂ ಜಾಗ ಬೇಕಲ್ಲ? ಸಾವಿರ ಜನಕ್ಕೆ ಬೇರೆಬೇರೆ ಹೆಸರಿಡಲು ತಲೆಗೆ 10 ಬಿಟ್, ಹತ್ತು ಲಕ್ಷ ಜನಕ್ಕಾದರೆ 20. ಟೋಕನ್ ರಿಂಗಿನಲ್ಲೂ ಕಾವಲು ಯಂತ್ರ ಕೆಟ್ಟರೆ ಹೆಚ್ಚಿನ ಸಂಖ್ಯೆಯ ವಿಳಾಸವಿದ್ದದ್ದೇ ಹೊಸ ಕಾವಲು. ಆ ವಿಳಾಸ 48 ಬಿಟ್ಟಿನದು.

ಇಲ್ಲೊಂದು ಮಾತು. ದೊಡ್ಡ ಸಂಖ್ಯೆಯ ಕಂಪ್ಯೂಟರು ಉಳಿದವಕ್ಕಿಂತ ಚುರುಕಾದದ್ದೇನೂ ಅಲ್ಲ. ಹಾಜರಿ ಪುಸ್ತಕದ ಕೊನೆಯ ಹೆಸರಿನವನನ್ನೇ ಮಾನಿಟರ್ ಮಾಡಿದಂತೆ ಇದು. ಯೋಗ್ಯತೆಯ ಪ್ರಶ್ನೆ ಇಲ್ಲಿಲ್ಲ, ಒಮ್ಮತದ್ದು ಮಾತ್ರ. ಶಾಲೆಯಲ್ಲಿ ಮಾನಿಟರ್ ಆಗಲಿಲ್ಲವೆಂದು ಮುಖ ಊದಿಸಿಕೊಳ್ಳುವ ಮಕ್ಕಳೂ, ಅವರಿಗಿಂತ ಹೆಚ್ಚು ಊದಿಸಿಕೊಳ್ಳುವ ತಂದೆತಾಯಿಗಳೂ ಇದನ್ನು ಗಮನಿಸಬಹುದು.

ಹೆಸರೇ ಇಲ್ಲದಿದ್ದರೆ? ಎಲ್ಲವೂ ಒಂದೇ ಅಚ್ಚಿನವು, ಒಂದೇ ನಿಯಮ ಪಾಲಿಸುವವು, ಒಂದೇ ಕ್ಷಣದಲ್ಲಿ ಹೊರಟವು ಎಂದುಕೊಳ್ಳಿ. 1980ರಲ್ಲಿ ಡೇನಾ ಆಂಗ್ಲೂಯಿನ್ ಎಂಬ ಅಮೆರಿಕದ ವಿದುಷಿ ಇಂಥ ಉಂಗುರದಲ್ಲಿ ಮುಂದಾಳಿನ ಆಯ್ಕೆ ಸಾಧ್ಯವೇ ಇಲ್ಲವೆಂದು ಸಾಧಿಸಿದರು. ಸಾಧನೆಯ ಎಳೆ ಎಂಟನೆಯ ತರಗತಿಯವರಿಗೂ ಅರ್ಥವಾಗುವಂಥದು. ಮೊದಲ ಹೆಜ್ಜೆಯಲ್ಲಿ ಎಲ್ಲರೂ ಒಂದೇ ಸ್ಥಿತಿಯಲ್ಲಿದ್ದಾರೆ. ಎಲ್ಲರೂ ಒಂದೇ ಸಂದೇಶ ಕಳುಹಿಸುತ್ತಾರೆ, ಎಲ್ಲರಿಗೂ ಅದೇ ಸಂದೇಶ ಬರುತ್ತದೆ, ಎಲ್ಲರೂ ಮತ್ತೆ ಒಂದೇ ಸ್ಥಿತಿಗೆ ಹೋಗುತ್ತಾರೆ. ಹೀಗೆ ನಡೆಯುತ್ತ ಯಾವನಾದರೂ ಒಬ್ಬ ‘ನಾನೇ ಮುಂದಾಳು’ ಎಂದರೆ ಅದೇ ಉಸಿರಿನಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಾರೆ! ಲಖನೌದ ನವಾಬರಿಬ್ಬರು ‘ಮೊದಲು ತಾವು’, ‘ಇಲ್ಲ ಮೊದಲು ತಾವು’ ಎಂದು ಉಪಚಾರ ಮಾಡುತ್ತ ನಿಂತಾಗ ರೈಲು ಹೊರಟೇ ಹೋಯಿತೆಂಬ ನಗೆಹನಿ ಇದೆಯಷ್ಟೆ, ಅದರ ಗಣಿತ ಇದು. ಗಮನಿಸಬೇಕಾದದ್ದೆಂದರೆ, ಇಲ್ಲಿ ನೆನಪು ಎಷ್ಟಿದ್ದರೂ ಪ್ರಯೋಜನವಿಲ್ಲ. ಒಂದೊಂದಕ್ಕೂ ಒಂದು ಗ್ರಂಥಾಲಯ ಕೊಟ್ಟರೂ ಎಲ್ಲ ಗ್ರಂಥಾಲಯಗಳಲ್ಲೂ ಒಂದೇ ಪುಸ್ತಕಗಳು ತುಂಬುತ್ತವೆ.

ಇದಕ್ಕೆ ಪರಿಹಾರ ಬೀದಿಯಲ್ಲಿ ಆಡುವ ಮಕ್ಕಳಿಗೆ ಮೊದಲೇ ಗೊತ್ತಿದೆ. ಕಣ್ಣಾಮುಚ್ಚಾಲೆಗೆ ಮೊದಲು ಯಾರು ಕಣ್ಣು ಮುಚ್ಚಬೇಕೆಂದು ತೀರ್ಮಾನಿಸಲು ಎಲ್ಲರೂ ಒಟ್ಟಿಗೆ ಕೈ ಚಾಚುತ್ತಾರೆ. ಕೆಲವರ ಅಂಗೈ ಮೇಲೆ, ಕೆಲವರದು ಕೆಳಗೆ. ಒಬ್ಬನದು ಮಾತ್ರ ಬೇರೆಯಾದರೆ ಅವನು ಗುಂಪಿನಿಂದ ಬೇರೆ. ಅಂದರೆ ಆಕಸ್ಮಿಕದ ಸಹಾಯ ಪಡೆಯುವುದು. 1981ರಲ್ಲಿ ಇಸ್ರೇಲಿನ ಅಲೋನ್ ಇಟಾಯ್ ಮತ್ತು ಮೈಕೆಲ್ ರೋದೇ ಇದನ್ನೇ ಕಂಪ್ಯೂಟರುಗಳಿಗೆ ಕಲಿಸಿದರು. ಪ್ರತಿಯೊಂದೂ ನಾಣ್ಯ ಚಿಮ್ಮಿದ ಹಾಗೆ ಒಂದು ಸಂಖ್ಯೆ ಆರಿಸಿಕೊಳ್ಳಲಿ, ದೊಡ್ಡ ಸಂಖ್ಯೆಯಲ್ಲಿ ಇಬ್ಬರಿದ್ದರೆ ಅವರಷ್ಟೇ ಮತ್ತೆ ಆಡಲಿ. ಆದರೆ ಒಂದು ಷರತ್ತು: ಉಂಗುರದಲ್ಲಿ ಎಷ್ಟು ಜನರಿದ್ದಾರೆಂಬುದು ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಅದು ಗೊತ್ತಿಲ್ಲದಿದ್ದರೆ, ತಪ್ಪದೆ ಮುಗಿಯುವ ಮತ್ತು ಮುಗಿದಾಗ ಸರಿಯಾಗಿಯೇ ಇರುವ ಆಯ್ಕೆ ಅಸಾಧ್ಯ. ಗುಂಪಿನ ಗಾತ್ರದ ನೆನಪು ಹೀಗೆ ಹಿಂದಿನ ಬಾಗಿಲಿನಿಂದ ಒಳಗೆ ಬಂತು.

ಇಷ್ಟರವರೆಗೆ ಎಲ್ಲರೂ ಶುದ್ಧವಾದ ಹಲಗೆಯಿಂದ ಆರಂಭಿಸುತ್ತಾರೆಂದು ಒಪ್ಪಿಕೊಂಡದ್ದಾಯಿತು. ನಿಜವಾದ ಯಂತ್ರಗಳಲ್ಲಿ ವಿದ್ಯುತ್ತಿನ ಏರುಪೇರು, ಸಡಿಲ ತಂತಿ, ಅರ್ಧ ಬಂದ ಸಂದೇಶ ಇವುಗಳಿಂದ ನೆನಪೇ ಕೆಟ್ಟುಹೋಗಬಹುದು. ಮುಂದಾಳಲ್ಲದವನು ತಾನು ಮುಂದಾಳೆಂದು ನಂಬಿ ಕೂತಿರಬಹುದು. ಹೇಗೇ ಕೆಟ್ಟಿರಲಿ, ಯಾರೂ ಬಂದು ರಿಪೇರಿ ಮಾಡದೆ ತಾನಾಗಿಯೇ ಸರಿದಾರಿಗೆ ಬರುವ ವ್ಯವಸ್ಥೆ ಸಾಧ್ಯವೆ? ಈ ಪ್ರಶ್ನೆಯನ್ನು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ 1974ರಲ್ಲೇ ಎರಡು ಪುಟಗಳ ಒಂದು ಲೇಖನದಲ್ಲಿ ಎತ್ತಿ, ಸಾಧ್ಯವೆಂದು ತೋರಿಸಿದ್ದರು. ಅವರ ಒಂದು ಉಪಾಯದಲ್ಲಿ ಪ್ರತಿ ಯಂತ್ರಕ್ಕೂ ಮೂರೇ ಸ್ಥಿತಿಗಳು ಸಾಕು. ಆದರೆ ಎಲ್ಲ ಯಂತ್ರಗಳೂ ಒಂದೇ ನಿಯಮ ಪಾಲಿಸುವವಲ್ಲ. ಆ ಮೂರು ಸ್ಥಿತಿಗಳ ಉಪಾಯ ಏಕೆ ಫಲಿಸುತ್ತದೆಂಬ ಸಾಧನೆಯನ್ನು ಅವರು ಅಚ್ಚು ಹಾಕಿಸಿದ್ದು 1986ರಲ್ಲಿ, ಹನ್ನೆರಡು ವರ್ಷ ತಡವಾಗಿ! ಮೂಲ ಲೇಖನವನ್ನು ಬಹುಕಾಲ ಹೆಚ್ಚು ಜನ ಓದಲಿಲ್ಲ. 1983ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಒಂದು ಉಪನ್ಯಾಸದಲ್ಲಿ ಹೊಗಳಿದ ಮೇಲೆ ಅದಕ್ಕೆ ಜೀವ ಬಂತು. 2002ರಲ್ಲಿ ಈ ಕ್ಷೇತ್ರದ ಪ್ರಭಾವಿ ಲೇಖನಕ್ಕೆಂದು ಕೊಡುವ ಪ್ರಶಸ್ತಿ ಅದಕ್ಕೆ ಬಂತು. ಅದೇ ವರ್ಷದ ಆಗಸ್ಟ್ 6ರಂದು ಡೈಕ್‌ಸ್ಟ್ರಾ ತೀರಿಕೊಂಡರು. ಮರುವರ್ಷದಿಂದ ಪ್ರಶಸ್ತಿಗೇ ಅವರ ಹೆಸರು.

ಈಗ ಬರುವುದು ಈ ವಿಷಯದ ಅತ್ಯಂತ ಸೊಗಸಾದ ಭಾಗ. ಇದನ್ನು ಓದುವುದಕ್ಕಿಂತ ಶಾಲೆಯ ಮೈದಾನದಲ್ಲಿ ಆಡಿ ನೋಡುವುದೇ ಚೆಂದ. 1990ರಲ್ಲಿ ಟೆಡ್ ಹರ್ಮನ್ ಎಂಬವರು ತಲೆಗೆ ಒಂದೇ ಒಂದು ಬಿಟ್ ಇರುವ ಉಂಗುರವನ್ನು ಕಲ್ಪಿಸಿದರು. ಒಂಬತ್ತು ಮಕ್ಕಳು ಒಳಮುಖವಾಗಿ ಸುತ್ತ ನಿಲ್ಲಲಿ. ಪ್ರತಿಯೊಬ್ಬರ ಬಲಗೈ ಎತ್ತಿರಬಹುದು ಅಥವಾ ಇಳಿದಿರಬಹುದು. ಇದೇ ಆ ಒಂದು ಬಿಟ್ ನೆನಪು. ಪ್ರತಿಯೊಬ್ಬರೂ ತಮ್ಮ ಎಡಗಡೆಯವರನ್ನು ಮಾತ್ರ ನೋಡಬೇಕು. ಅವರ ಕೈ ನಿನ್ನ ಕೈಯಂತೆಯೇ ಇದ್ದರೆ ನಿನ್ನಲ್ಲಿ ಟೋಕನ್ ಇದೆ, ಬೇರೆಯಾಗಿದ್ದರೆ ಇಲ್ಲ. ಟೋಕನ್ ಎಂದು ಬೇರೆ ವಸ್ತುವೇ ಇಲ್ಲ ಎಂಬುದು ಇಲ್ಲಿನ ಜಾಣತನ. ಎರಡು ಕೈಗಳ ಹೋಲಿಕೆಯೇ ಟೋಕನ್.

ಒಂದು ಸೀಟಿ ಊದಿದಾಗ ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಆಡುತ್ತಾರೆ. ಟೋಕನ್ ಇಲ್ಲದವರು ಕೈಯ ಸ್ಥಿತಿಯನ್ನು ಬದಲಿಸಬೇಕು. ಎತ್ತಿದ್ದರೆ ಇಳಿಸಬೇಕು, ಇಳಿದಿದ್ದರೆ ಎತ್ತಬೇಕು. ಟೋಕನ್ ಇದ್ದವರು ನಾಣ್ಯ ಚಿಮ್ಮಬೇಕು; ಹೆಡ್ ಬಿದ್ದರೆ ಕೈ ಬದಲಿಸಬೇಕು, ಇಲ್ಲದಿದ್ದರೆ ಇದ್ದ ಹಾಗೇ ಇರಬೇಕು. ಬದಲಿಸಿದರೆ ಟೋಕನ್ ಅವರಲ್ಲೇ ಉಳಿಯುತ್ತದೆ, ಬದಲಿಸದಿದ್ದರೆ ಬಲಗಡೆಯವರಿಗೆ ದಾಟುತ್ತದೆ. ಕಾಗದದ ಮೇಲೆ ಒಮ್ಮೆ ಬರೆದು ನೋಡಿದರೆ ಇದು ತಾನಾಗಿ ಸ್ಪಷ್ಟವಾಗುತ್ತದೆ. ಎರಡು ಟೋಕನ್ ಒಂದೇ ಜಾಗಕ್ಕೆ ಬಂದರೆ ಎರಡೂ ಮಾಯ.

ಎರಡೂ ಮಾಯವಾಗುತ್ತ ಹೋದರೆ ಕೊನೆಗೆ ಒಂದೂ ಉಳಿಯದೆ ಹೋಗುವುದಿಲ್ಲವೆ? ಇಲ್ಲ. ಸುತ್ತ ಒಮ್ಮೆ ನಡೆದುಬಂದರೆ ಎತ್ತಿದ ಕೈಯಿಂದ ಇಳಿದ ಕೈಗೆ, ಇಳಿದ ಕೈಯಿಂದ ಎತ್ತಿದ ಕೈಗೆ ಆಗುವ ಬದಲಾವಣೆಗಳ ಸಂಖ್ಯೆ ಯಾವಾಗಲೂ ಸಮ, ಏಕೆಂದರೆ ಹೊರಟ ಕೈಗೇ ಮರಳಿ ಬರಬೇಕು. ಮಕ್ಕಳು ಒಂಬತ್ತು, ಅಂದರೆ ಬೆಸ. ಬೆಸದಿಂದ ಸಮ ಕಳೆದರೆ ಬೆಸ. ಆದ್ದರಿಂದ ಟೋಕನ್ನುಗಳ ಸಂಖ್ಯೆ ಎಂದೆಂದಿಗೂ ಬೆಸವೇ: 9, 7, 5, 3, ಕೊನೆಗೆ 1. ಸೊನ್ನೆಯಾಗಲು ದಾರಿಯೇ ಇಲ್ಲ. ಯಾರೋ ಕಿಡಿಗೇಡಿ ಬಂದು ನಾಲ್ಕು ಜನರ ಕೈ ಎಳೆದು ಕೆಡಿಸಿ ಹೋದರೂ ಆಟ ಮತ್ತೆ ಒಂದು ಟೋಕನ್ನಿಗೇ ಬಂದು ನಿಲ್ಲುತ್ತದೆ. ಆ ಹೊತ್ತಿಗೆ ಟೋಕನ್ ಇದ್ದವನೇ ಮುಂದಾಳು.

ಎಷ್ಟು ಸೀಟಿ ಬೇಕಾದೀತು? ಅತ್ಯಂತ ನಿಧಾನದ ಆರಂಭವೆಂದರೆ ಮೂರು ಟೋಕನ್‌ಗಳು ಸಮದೂರದಲ್ಲಿರುವುದು ಎಂದು 2005ರಲ್ಲಿ ಆನಬೆಲ್ ಮ್ಯಾಕ್‌ಐವರ್ ಮತ್ತು ಕ್ಯಾರಲ್ ಮಾರ್ಗನ್ ಊಹಿಸಿದರು. ಮಕ್ಕಳ ಸಂಖ್ಯೆಯನ್ನು ವರ್ಗ ಮಾಡಿ, 4ರಿಂದ ಗುಣಿಸಿ, 27ರಿಂದ ಭಾಗಿಸಿದರೆ ಆಗ ಬೇಕಾಗುವ ಹೆಜ್ಜೆಗಳ ಸರಾಸರಿ ಸಿಗುತ್ತದೆ. ಒಂಬತ್ತು ಮಕ್ಕಳಿಗೆ 12 ಹೆಜ್ಜೆ, 27 ಮಕ್ಕಳಿಗೆ 108. ಆಟದ ನಿಯಮ ನಾಲ್ಕು ಸಾಲಿನದು, ಊಹೆ ಒಂದು ಸಾಲಿನದು. ಅದನ್ನು ಸಾಧಿಸಿದ್ದು 2016ರಲ್ಲಿ, ಐದು ಜನ ಸೇರಿ.

ಬೆಸ ಸಂಖ್ಯೆಯಾದ್ದರಿಂದ ಇದು ನಡೆಯಿತು. ಆರು ಮಕ್ಕಳಿದ್ದರೆ? ಒಬ್ಬರ ಕೈ ಮೇಲೆ, ಒಬ್ಬರದು ಕೆಳಗೆ ಎಂದು ಅಚ್ಚುಕಟ್ಟಾಗಿ ನಿಂತುಬಿಡಬಹುದು. ಆಗ ಯಾರಲ್ಲೂ ಟೋಕನ್ ಇಲ್ಲ, ಉಂಗುರ ಮೂಕ. ಈಗ ಕೈ ಬಿಟ್ಟು ಎಣಿಕೆ ಹಿಡಿಯೋಣ. ಪ್ರತಿಯೊಬ್ಬನೂ ಎಡಗಡೆಯವನ ಮುಂದಿನ ಸಂಖ್ಯೆ ಹೇಳಬೇಕು. ಹಾಗೆ ಹೇಳದೆ ಎಣಿಕೆ ತಪ್ಪಿದಲ್ಲಿ ಟೋಕನ್. ಮೂರರವರೆಗೆ ಎಣಿಸಿದರೆ ಆರು ಮಕ್ಕಳು 1, 2, 3, 1, 2, 3 ಎನ್ನುತ್ತಾರೆ, ಮತ್ತೆ ಮೊದಲನೆಯವನು 1. ಎಣಿಕೆ ಎಲ್ಲೂ ತಪ್ಪಲಿಲ್ಲ, ಟೋಕನ್ ಇಲ್ಲ. ನಾಲ್ಕರವರೆಗೆ ಎಣಿಸಿ ನೋಡಿ: 1, 2, 3, 4, 1, 2. ಆಮೇಲೆ 3 ಬರಬೇಕಿತ್ತು, ಆದರೆ ಮೊದಲನೆಯವನು ನಿಂತಿರುವುದು 1ರಲ್ಲಿ. ಎಣಿಕೆ ಎಲ್ಲಾದರೂ ಒಂದು ಕಡೆ ಮುರಿಯಲೇಬೇಕು! ನಾಲ್ಕು ಆರನ್ನು ಭಾಗಿಸುವುದಿಲ್ಲ, ಅಷ್ಟೇ ಕಾರಣ.

1999ರಲ್ಲಿ ಪ್ಯಾರಿಸ್ ಬಳಿಯ ಓರ್ಸೆಯ ಝೋಫ್ರುವಾ ಬೋಕಿಯೆ, ಮರಿಯಾ ಗ್ರಾದಿನಾರಿಯು ಮತ್ತು ಕೊಲೆಟ್ ಜೋನೆನ್ ಈ ದಾರಿಯಲ್ಲಿ ಕೊನೆಯವರೆಗೂ ನಡೆದರು. ಹೆಸರಿಲ್ಲದ ಉಂಗುರ, ಸಂದೇಶ ಹರಿಯುವುದು ಒಂದೇ ದಿಕ್ಕಿಗೆ, ಆರಂಭದ ನೆನಪು ಹೇಗೆ ಬೇಕಾದರೂ ಕೆಟ್ಟಿರಬಹುದು. ಇಂಥ ಉಂಗುರಕ್ಕೆ ಬೇಕಾದ ನೆನಪನ್ನು ನಿರ್ಧರಿಸುವುದು ಸದಸ್ಯರ ಸಂಖ್ಯೆಯ ಗಾತ್ರವಲ್ಲ. ಆ ಸಂಖ್ಯೆಯನ್ನು ಭಾಗಿಸದ ಅತಿ ಚಿಕ್ಕ ಸಂಖ್ಯೆ. ಅದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲವೆಂದೂ ಅವರು ಸಾಧಿಸಿದರು.

ಇದರ ಅರ್ಥವನ್ನು ಒಂದಿಷ್ಟು ಲೆಕ್ಕ ಹಾಕಿ ಸವಿಯಬೇಕು. 1001 ಸದಸ್ಯರ ಉಂಗುರ ಬೆಸ. 2 ಅದನ್ನು ಭಾಗಿಸುವುದಿಲ್ಲ. ಟೋಕನ್ ಕಳೆಯದಿರಲು ತಲೆಗೆ ಒಂದು ಬಿಟ್ ಸಾಕು. 1000 ಆದರೆ 2 ಭಾಗಿಸುತ್ತದೆ, 3 ಭಾಗಿಸುವುದಿಲ್ಲ, ಎರಡು ಬಿಟ್. ಹನ್ನೆರಡೇ ಸದಸ್ಯರ ಪುಟ್ಟ ಉಂಗುರಕ್ಕಾದರೆ 2, 3, 4 ಮೂರೂ ಭಾಗಿಸಿ 5ಕ್ಕೆ ಹೋಗಬೇಕು, ಮೂರು ಬಿಟ್. ಸಾವಿರಕ್ಕಿಂತ ಹನ್ನೆರಡಕ್ಕೆ ಹೆಚ್ಚು ನೆನಪು! 2520 ಎಂಬ ಸಂಖ್ಯೆಯನ್ನು 1ರಿಂದ 10ರವರೆಗಿನ ಎಲ್ಲವೂ ಭಾಗಿಸುತ್ತವೆ, ಲ.ಸಾ.ಅ. ಲೆಕ್ಕ ಮಾಡಿದವರಿಗೆ ಇದು ಹಳೆಯ ಪರಿಚಯ. ಅಲ್ಲಿ 11ರವರೆಗೆ ಎಣಿಸಬೇಕು, ನಾಲ್ಕು ಬಿಟ್. ಐದನೆಯ ಬಿಟ್ ಬೇಕಾಗುವುದು ಯಾವಾಗ? 1ರಿಂದ 16ರವರೆಗಿನ ಎಲ್ಲ ಸಂಖ್ಯೆಗಳೂ ಭಾಗಿಸುವ ಉಂಗುರ ಬಂದಾಗ. ಅಂಥ ಮೊದಲ ಸಂಖ್ಯೆ 7,20,720. ಅದಕ್ಕಿಂತ ಚಿಕ್ಕ ಉಂಗುರಗಳಿಗೆಲ್ಲ ನಾಲ್ಕು ಬಿಟ್ ಸಾಕು. ಎಲ್ಲ ಸಂಖ್ಯೆಗಳ ಮೇಲೆ ಸರಾಸರಿ ತೆಗೆದರೆ ಭಾಗಿಸದ ಅತಿ ಚಿಕ್ಕ ಸಂಖ್ಯೆ ಸುಮಾರು 2.79 ಮಾತ್ರ. ಶೇಷವಿಲ್ಲದ ಭಾಗಾಕಾರ, ಲ.ಸಾ.ಅ. ಇವೆಲ್ಲ ಪರೀಕ್ಷೆ ಮುಗಿದ ಮೇಲೆ ಯಾವ ಕೆಲಸಕ್ಕೆ ಎಂದು ಕೇಳುವ ಮಕ್ಕಳಿಗೆ ಇದನ್ನು ತೋರಿಸಬಹುದು. ಒಂದು ಎಚ್ಚರಿಕೆಯೂ ಬೇಕು. 1001 ಜನರ ಉಂಗುರಕ್ಕೆ ಇನ್ನೊಬ್ಬ ಬಂದು ಸೇರಿದರೆ ಎಣಿಕೆಯ ನಿಯಮವೇ ಬದಲಾಗಬೇಕು. ನೆನಪು ಚಿಕ್ಕದಾಯಿತೆಂದು ತಿಳುವಳಿಕೆ ಚಿಕ್ಕದಾಗಲಿಲ್ಲ. ಅದು ಸದಸ್ಯರಿಂದ ನಿಯಮ ಮಾಡುವವನ ತಲೆಗೆ ಹೋಯಿತು.

ಉಂಗುರವೇ ಇಲ್ಲದ ಗುಂಪುಗಳೂ ಇವೆ. 2004ರಲ್ಲಿ ಅದೇ ಆಂಗ್ಲೂಯಿನ್ ಮತ್ತು ಸಂಗಡಿಗರು ಹಕ್ಕಿಗಳ ಮೈಗೆ ಕಟ್ಟಿದ ಪುಟ್ಟ ಉಪಕರಣಗಳನ್ನು ಉದಾಹರಣೆಗೆ ತೆಗೆದುಕೊಂಡರು. ಹಕ್ಕಿಗಳು ತಮ್ಮ ಪಾಡಿಗೆ ಹಾರುತ್ತವೆ. ಎರಡು ಹತ್ತಿರ ಬಂದಾಗ ಮಾತ್ರ ಅವುಗಳ ಉಪಕರಣಗಳಿಗೆ ಪರಸ್ಪರ ಮಾತು. ಇಲ್ಲಿ ಆಯ್ಕೆಯ ನಿಯಮ ಬಹು ಸರಳ. ಮೊದಲು ಎಲ್ಲರೂ ಮುಂದಾಳುಗಳು. ಇಬ್ಬರು ಮುಂದಾಳುಗಳು ಭೇಟಿಯಾದರೆ ಒಬ್ಬ ಪಟ್ಟ ಬಿಡಬೇಕು. ಒಂದೇ ಬಿಟ್. 40 ಮಕ್ಕಳ ತರಗತಿಯಲ್ಲಿ ಯಾದೃಚ್ಛಿಕವಾಗಿ ಇಬ್ಬಿಬ್ಬರನ್ನು ಕರೆದು ಈ ಆಟ ಆಡಿಸಿದರೆ ಒಬ್ಬನೇ ಉಳಿಯಲು ಸರಾಸರಿ 39ರ ವರ್ಗ, ಅಂದರೆ 1521 ಭೇಟಿಗಳು ಬೇಕು. ಕೊನೆಯ ಇಬ್ಬರು ಒಬ್ಬರನ್ನೊಬ್ಬರು ಸಂಧಿಸಲು ಕಾಯುವುದರಲ್ಲೇ ಅದರ ಅರ್ಧ, 780, ಕಳೆದುಹೋಗುತ್ತದೆ. ನೆನಪನ್ನು ಗುಂಪಿನ ಜೊತೆ ಬೆಳೆಯಲು ಬಿಡದೆ ಈ ಕಾಯುವಿಕೆಯಿಂದ ಪಾರಾಗಲು ಆಗದೆಂದು 2015ರಲ್ಲಿ ಡೇವಿಡ್ ಡೋಟಿ ಮತ್ತು ಡೇವಿಡ್ ಸೊಲೊವೇಚಿಕ್ ತೋರಿಸಿದರು.

ಆದರೆ ಈ ಒಂದು ಬಿಟ್ಟಿನ ಆಟದಲ್ಲಿ ಎಲ್ಲರ ನೆನಪೂ ಕೆಟ್ಟು ‘ನಾನು ಮುಂದಾಳಲ್ಲ’ ಎಂದಾಗಿಬಿಟ್ಟರೆ ಮುಂದೆ ಎಷ್ಟು ಭೇಟಿಗಳಾದರೂ ಮುಂದಾಳು ಹುಟ್ಟುವುದಿಲ್ಲ. ಕೆಟ್ಟಲ್ಲಿಂದ ಎದ್ದುಬರುವ ಶಕ್ತಿ ಬೇಕೆಂದರೆ ಎಷ್ಟು ನೆನಪು ಕೊಡಬೇಕು? ಶುಕಾಯ್ ಕಾಯ್, ತೈಸುಕೆ ಇಜುಮಿ, ಕೊಇಚಿ ವಾದಾ ಎಂಬ ಮೂವರು ಜಪಾನಿನಲ್ಲಿ 2012ರಲ್ಲಿ ಉತ್ತರ ಕೊಟ್ಟರು: ಗುಂಪಿನಲ್ಲಿ ಎಷ್ಟು ಜನರೋ ಅಷ್ಟು ಸ್ಥಿತಿಗಳು, ಒಂದು ಕಡಿಮೆಯಾದರೂ ಆಗದು. ಅವರ ನಿಯಮದಲ್ಲಿ 40 ಮಕ್ಕಳಿಗೆ 0ಯಿಂದ 39ರವರೆಗಿನ ಸಂಖ್ಯೆಗಳು. ಒಂದೇ ಸಂಖ್ಯೆಯ ಇಬ್ಬರು ಭೇಟಿಯಾದರೆ ಒಬ್ಬನು ಮುಂದಿನ ಸಂಖ್ಯೆಗೆ ಸರಿಯುತ್ತಾನೆ, 39ರವನು 0ಗೆ. ಹೇಗೆ ಆರಂಭಿಸಿದರೂ ಕೊನೆಗೆ ಎಲ್ಲರ ಸಂಖ್ಯೆಗಳೂ ಬೇರೆಬೇರೆಯಾಗುತ್ತವೆ, 0 ಒಬ್ಬನಿಗೆ ಮಾತ್ರ ಉಳಿಯುತ್ತದೆ. ಒಂದು ಬಿಟ್ಟಿನ ಜಾಗಕ್ಕೆ ಆರು ಬಿಟ್. ಮರೆವಿನಿಂದ ಚೇತರಿಸಿಕೊಳ್ಳುವುದಕ್ಕೆ ಕೊಟ್ಟ ಬೆಲೆ ಅದು.

ಇನ್ನು ದಿನನಿತ್ಯದ ಯಂತ್ರಗಳ ವಿಷಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿಯೇಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ರಾಫ್ಟ್ ಎಂಬ ಪದ್ಧತಿ ಇಂದು ಬಹಳ ಕಡೆ ಬಳಕೆಯಲ್ಲಿದೆ. ಅಲ್ಲಿ ಕಂಪ್ಯೂಟರುಗಳು ನಿಜವಾಗಿಯೂ ಓಟು ಹಾಕುತ್ತವೆ. ಐದರಲ್ಲಿ ಮೂರು ಓಟು ಬಂದದ್ದು ಮುಂದಾಳು. ಇಬ್ಬರು ಒಟ್ಟಿಗೆ ಅಭ್ಯರ್ಥಿಗಳಾಗಿ ಓಟು ಒಡೆಯದಿರಲೆಂದು ಪ್ರತಿಯೊಂದೂ ಸೆಕೆಂಡಿನ ಒಂದಂಶದಷ್ಟು ಹೊತ್ತು, ಆಕಸ್ಮಿಕವಾಗಿ ಆರಿಸಿದ ಅವಧಿ, ಕಾದು ನಿಲ್ಲುತ್ತದೆ. ಮಕ್ಕಳ ಅಂಗೈ ಆಟವೇ ಮತ್ತೆ.

ಇಲ್ಲಿ ಮರೆಯಬಾರದ ನೆನಪು ಎರಡು: ಇದು ಎಷ್ಟನೆಯ ಚುನಾವಣೆ, ಇದರಲ್ಲಿ ತಾನು ಯಾರಿಗೆ ಓಟು ಹಾಕಿದೆ. ಓಟು ಹಾಕಿದ ಯಂತ್ರ ಕರೆಂಟು ಹೋಗಿ ಮತ್ತೆ ಎದ್ದಾಗ ಅದನ್ನು ಮರೆತಿದ್ದರೆ ಇನ್ನೊಬ್ಬ ಅಭ್ಯರ್ಥಿಗೂ ಓಟು ಕೊಟ್ಟೀತು. ಐದು ಯಂತ್ರಗಳಲ್ಲಿ ಆರು ಓಟು ಬಿದ್ದು, ಮೂರು ಮೂರು ಪಡೆದ ಇಬ್ಬರು ಯಜಮಾನರು ಹುಟ್ಟುತ್ತಾರೆ. ಆದ್ದರಿಂದ ಓಟಿನ ಉತ್ತರ ಕಳುಹಿಸುವುದಕ್ಕೆ ಮೊದಲೇ ಅದನ್ನು ಡಿಸ್ಕಿನ ಮೇಲೆ ಬರೆಯಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಮತಗಟ್ಟೆಯಲ್ಲಿ ಎಡಗೈಯ ತೋರುಬೆರಳಿಗೆ ಹಾಕುವ ಶಾಯಿಯ ಕೆಲಸವೂ ಇದೇ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯ ಆ ಶಾಯಿ 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳುಗಳ ಮೇಲಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಸೋಪು ಹಾಕಿ ತಿಕ್ಕಿದರೂ ಹೋಗದ ಒಂದು ಬಿಟ್.

ಯಂತ್ರದ ಡಿಸ್ಕೇ ಹಾಳಾಗಿ ಆ ಗುರುತು ಅಳಿಸಿಹೋದರೆ ಏನು ಮಾಡುತ್ತಾರೆ? ರಾಫ್ಟ್ ಪದ್ಧತಿಯಲ್ಲಿ ನಡೆಯುವ ಎಟ್‌ಸಿಡಿ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ಅಂಥ ಯಂತ್ರವನ್ನು ಹಳೆಯ ಜಾಗದಲ್ಲಿ ಹಾಗೆಯೇ ಕೂರಿಸುವುದಿಲ್ಲ. ಉಳಿದವರ ಬಹುಮತದಿಂದ ಅದರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಆಮೇಲೆ ಅದೇ ಪೆಟ್ಟಿಗೆ, ಅದೇ ತಂತಿ, ಅದೇ ಮೇಜು. ಆದರೆ ಒಳಗೆ ಬರುವುದು ಹೊಸ ಗುರುತಿನ ಸಂಖ್ಯೆ ಪಡೆದ ಹೊಸ ಸದಸ್ಯನಾಗಿ.